ಒಂದೇ ಮೊಳೆಯ ಬೋರ್ಡು

ನಾನು ಹೇಳೋದ್ರಲ್ಲಿ ಒಂದಕ್ಷರಾನೂ ಸುಳ್ಳಿಲ್ಲ. ಸುಳ್ಳು ಹೇಳಿದ್ರೆ ನನಗೆ ಗೆದ್ದಲು ಹತ್ತಲಿ. ಎಡಗಡೆ ಕೆಳಗಿನ ಮೂಲೇಲಿ ಈಗಾಗ್ಲೇ ಹತ್ತಿದೆ, ಅದು ಬೇರೆ ಕಾರಣಕ್ಕೆ.

ನಾನು ಒಂದು ಸ್ಕೋರ್ ಬೋರ್ಡು. ಈಗ ಬಚ್ಚಲುಮನೆ ಬಾಗಿಲಾಗಿದ್ದೀನಿ, ಆದ್ರೆ ಹುಟ್ಟಿದ್ದು ಬೋರ್ಡಾಗೇ. ಭದ್ರಾ ಹೊಳೆ ಪಕ್ಕದ ಕಾರ್ಖಾನೆ ಊರು ನಮ್ಮದು. ಐವತ್ತೇಳನೇ ಇಸವೀಲಿ ಕಾರ್ಖಾನೆಗೆ ಜರ್ಮನಿಯಿಂದ ಒಂದು ಮಿಷನ್ನು ಬಂತು. ಅದರ ಪೆಟ್ಟಿಗೆಯ ಮೂರು ಹಲಗೆಗೆ ಊರಿನ ಮಾವಿನ ಹಲಗೆ ಒಂದನ್ನ ಸೇರಿಸಿ, ಕಾಲೇಜಿನ ಫುಟ್‌ಬಾಲ್ ಮೈದಾನಕ್ಕೆ ಅಂತ ನನ್ನ ಮಾಡಿದ್ರು. ಹಡಗು ಹತ್ತಿ ಬಂದ ಆ ಮೂರು ಹಲಗೆ ಮಾವಿನ ಹಲಗೆ ಜೊತೆ ಇವತ್ತಿಗೂ ಮಾತಾಡಲ್ಲ. ಒಂದೇ ಚೌಕಟ್ಟಲ್ಲಿದ್ದು ಮಾತು ಬಿಡೋದು ಹೇಗೆ ಅಂತ ನನಗೆ ಚಿಕ್ಕಂದಿನಿಂದ ಗೊತ್ತು.

ಮಾಡಿಸಿದೋನು ಕಾಲೇಜಿನ ಮಾರ್ಕರ್ ಚೌಡಪ್ಪ. ಮಾರ್ಕರ್ ಅಂದ್ರೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯೋನು, ಬಲೆ ಕಟ್ಟೋನು, ಚೆಂಡಿಗೆ ಗಾಳಿ ಹೊಡೆಯೋನು, ಬಿದ್ದೋರಿಗೆ ಟಿಂಚರ್ ಹಚ್ಚಿ ಬೈಯೋನು. ಎಣ್ಣೆ ಡಬ್ಬ ಕತ್ತರಿಸಿ ಸೊನ್ನೆಯಿಂದ ಒಂಬತ್ತರ ತನಕ ಎರಡು ಜೊತೆ ತಗಡು ಮಾಡ್ದ, ಅಂಕಿ ಬರೆದ. ತಂಡಕ್ಕೆ ಒಂದೊಂದು ಮೊಳೆ ಹೊಡೆಸ್ದ.

"ಒಂದೇ ಮೊಳೆ ಸಾಕೇನೋ ಚೌಡ?" ಅಂತ ಬಡಗಿ ಕೇಳಿದ.

"ಹತ್ತು ಗೋಲು ತಿನ್ನೋ ಗಂಡು ಈ ಊರಲ್ಲಿ ಹುಟ್ಟಿಲ್ಲ, ಹೊಡಿ," ಅಂದ ಚೌಡಪ್ಪ.

ಹುಟ್ಟಿದ್ದ. ಅವನ ಮಗ ಹಾಲೇಶ ಆಗ ತೊಟ್ಟಿಲಲ್ಲಿದ್ದ.

ಹಾಲೇಶ ಬೆಳೆದು ಅದೇ ಕಾಲೇಜಿನ ಗೋಲಿ, ಅಂದ್ರೆ ಗೋಲ್‌ಕೀಪರ್ ಆದ. ಎಂಥಾ ಗೋಲಿ ಅಂದ್ರೆ, ಒಂದು ಸಲ ಹಾರಿ ಚೆಂಡು ಹಿಡಿದಾಗ ಇನ್ನೊಂದು ಕೈಲಿ ಪಾರಿವಾಳ ಇತ್ತು. ನಾನು ಕಣ್ಣಾರೆ ಕಂಡಿದ್ದೀನಿ. ಚೌಡಪ್ಪಂಗೆ ಇದ್ದಿದ್ದು ಒಂದೇ ಆಸೆ. ಕಾರ್ಖಾನೆ ಟೀಮಿಗೆ ಸೇರಿದೋರಿಗೆ ಕಾರ್ಖಾನೇಲೇ ಕೆಲಸ ಸಿಗ್ತಿತ್ತು. ಆ ವರ್ಷ ಟೀಮಿಗೆ ಒಬ್ಬ ಗೋಲಿ ಬೇಕಿದ್ದ. ಟೀಮಿನ ಸೆಕ್ರೆಟರಿ ಶೇಷಗಿರಿ ರಾಯರು, ಬಿಸಿಲಿಗೂ ಮೋಡಕ್ಕೂ ಛತ್ರಿ ಬಿಡದ ಮನುಷ್ಯ. ಚೌಡಪ್ಪ ಎರಡು ವರ್ಷ ಆ ಛತ್ರಿ ಹಿಂದೆ ಓಡಾಡಿದ. "ಒಂದ್ಸಲ ಬಂದು ನನ್ನ ಮಗನ ಆಟ ನೋಡಿ ಸ್ವಾಮಿ, ಆಮೇಲೆ ಬೇಡ ಅಂದ್ರೆ ಬೇಡ."

ಎಪ್ಪತ್ತೈದರಲ್ಲಿ ನಮ್ಮ ಕಾಲೇಜು ಫೈನಲ್ಲಿಗೆ ಬಂತು. ಎದುರಿಗೆ ಬೆಂಗಳೂರಿನ ತಂಡ. ಐದು ಗಂಟೆಗೆ ಕಾರ್ಖಾನೆ ಸೈರನ್ ಆದ ಮೇಲೆ ಬರ್ತೀನಿ ಅಂತ ರಾಯರು ಒಪ್ಕೊಂಡ್ರು.

ನಮ್ಮ ಹುಡುಗರು ಫೈನಲ್ ತನಕ ಬಂದಿದ್ದು ಬರಿಗಾಲಲ್ಲಿ. ಎಲ್ಲಾರೂ ಹಾಗೇ ಆಡ್ತಿದ್ರು, ಹಾಲೇಶಾನೂ. ಪ್ರಿನ್ಸಿಪಾಲರಿಗೆ ಅದು ಸರಿ ಕಾಣಲಿಲ್ಲ. "ಬೆಂಗಳೂರಿನೋರ ಮುಂದೆ ಬರಿಗಾಲಲ್ಲಿ ನಿಂತ್ರೆ ಮರ್ಯಾದೆ ಏನ್ರಯ್ಯ?" ಅಂತ ಅವತ್ತು ಬೆಳಗ್ಗೆ ಹನ್ನೊಂದು ಜೊತೆ ಹೊಸ ಬೂಟು ಕೊಡಿಸಿ, ಒಂದೊಂದಕ್ಕೂ ಕುಂಕುಮ ಹಚ್ಚಿ ಪೂಜೆ ಮಾಡಿಸಿದ್ರು. ಎಲ್ಲಾ ಎಂಟನೇ ನಂಬರು.

ಆಟ ಶುರುವಾಗಿ ಹತ್ತು ನಿಮಿಷಕ್ಕೆ ಎಲ್ಲರ ಹಿಮ್ಮಡಿಯಲ್ಲೂ ಬೊಬ್ಬೆ. ಒಬ್ಬ ಜೋರಾಗಿ ಒದ್ದ, ಬೂಟು ಹೋಗಿ ಬಲೆಗೆ ಬಿತ್ತು, ಚೆಂಡು ಇದ್ದಲ್ಲೇ ಇತ್ತು. ರೆಫರಿ ಎರಡನ್ನೂ ನೋಡಿ, ಬೂಟಿಗೆ ಗೋಲು ಕೊಡಕ್ಕೆ ಬರಲ್ಲ ಅಂತ ಹೇಳ್ದ. ಅವತ್ತು ನಾವು ಗೋಲಿಗೆ ಅಷ್ಟು ಹತ್ತಿರ ಹೋಗಿದ್ದು ಅದೊಂದೇ ಸಲ. ಹಾಲೇಶ ಹಾರಕ್ಕೆ ಹೋದ್ರೆ ಬೂಟು ನೆಲ ಬಿಡ್ತಿರಲಿಲ್ಲ. ಅರ್ಧ ಆಟಕ್ಕೆ ಆರು ಸೊನ್ನೆ.

ಪ್ರತಿ ಗೋಲಿಗೂ ಚೌಡಪ್ಪ ಬಂದು ತಗಡು ಬದಲಾಯಿಸ್ತಿದ್ದ. ಆರು. ಏಳು. ತಗಡು ಹಾಕಿ ತಿರುಗಿ ಮಗನ ಮುಖ ನೋಡ್ತಿದ್ದ. ಅಷ್ಟು ದೂರದಿಂದ ಹಾಲೇಶ ಪ್ರತಿ ಸಲಾನೂ ಅಪ್ಪನ್ನೇ ನೋಡ್ತಿದ್ದ. ಎಂಟಕ್ಕೆ ನಮ್ಮೂರಿನ ಜನ ಎದ್ದು ಹೋದ್ರು. ಒಂಬತ್ತಾಯ್ತು. ಹತ್ತನೇದು ಹೋಗೋದಕ್ಕೂ ಸೈರನ್ ಕೂಗೋದಕ್ಕೂ ಸರಿಯಾಯ್ತು.

ಚೌಡಪ್ಪ ಒಂಬತ್ತನ್ನ ತೆಗೆದು ಕೈಲಿ ಹಿಡ್ಕೊಂಡು ನಿಂತ. ಮುಂದಿನ ತಗಡಿಲ್ಲ. ಜೇಬಲ್ಲಿ ಸೀಮೆಸುಣ್ಣ ಇತ್ತು, ನನಗೆ ಗೊತ್ತು, ಅವನ ಬೆರಳು ಅದನ್ನ ಮುಟ್ಟಿತು. ಅಷ್ಟರಲ್ಲಿ ಗೇಟಿನಲ್ಲಿ ಛತ್ರಿ ಕಾಣಿಸ್ತು. ಅವನು ಸೀಮೆಸುಣ್ಣ ಬಿಟ್ಟು, ಸೊನ್ನೆ ತಗಡು ನೇತುಹಾಕ್ದ.

ಸೊನ್ನೆ, ಸೊನ್ನೆ. ಪಾಳಿ ಮುಗಿಸಿ ಬಂದ ಕಾರ್ಖಾನೆ ಜನ ನನ್ನ ಮುಖ ನೋಡಿ ಕುಣಿದು ಬಿಟ್ರು. ಹತ್ತು ಹೊಡೆದಿದ್ದ ಬೆಂಗಳೂರಿನೋರಿಗೆ ಬೋರ್ಡು ನೋಡೋ ದರ್ದೇ ಇರಲಿಲ್ಲ.

ಆಮೇಲೆ ಆಗಿದ್ದೇ ನನ್ನ ಹೊಟ್ಟೆ ಉರಿಸೋದು. ಹಾಲೇಶ ಬೂಟು ಕಿತ್ತು ಬಿಸಾಕಿದ್ದ. ಕೊನೆಯ ಇಪ್ಪತ್ತು ನಿಮಿಷ ಅವನು ಆಡಿದ ಆಟ ಆ ಮೈದಾನ ಹಿಂದೆ ಕಂಡಿಲ್ಲ, ಮುಂದೆ ಕಾಣಲಿಲ್ಲ. ಇಲ್ಲಿ ನಾನು ಒಂದಿಷ್ಟೂ ಸೇರಿಸ್ತಿಲ್ಲ, ಸೇರಿಸೋ ಅಗತ್ಯಾನೇ ಇಲ್ಲ. ಒಂದೂ ಒಳಗೆ ಹೋಗಲಿಲ್ಲ. ರಾಯರು ಕುರ್ಚಿ ಬಿಟ್ಟು ಎದ್ದು ನಿಂತ್ರು.

ಸೀಟಿ ಆದ ಮೇಲೆ ಅವರು ನನ್ನ ಮುಂದೆ ಬಂದು, "ಒಂದೂ ಬಿಟ್ಟಿಲ್ಲವಲ್ಲಯ್ಯ ನಿನ್ನ ಮಗ. ಸೋಮವಾರ ಕಳಿಸು," ಅಂದ್ರು.

ಚೌಡಪ್ಪ ಒಂಬತ್ತರ ತಗಡನ್ನ ಬೆನ್ನ ಹಿಂದೆ ಸರಿಸ್ದ. ಅವನು ಜನ್ಮದಲ್ಲಿ ಹೇಳಿದ ಸುಳ್ಳು ಅದೊಂದೇ, ಅದನ್ನೂ ಬಾಯಿ ಬಿಟ್ಟು ಹೇಳಲಿಲ್ಲ.

ಹಿಂದೆ ಬಂದು ನಿಂತಿದ್ದ ಹಾಲೇಶ ಕೇಳಿಸ್ಕೊಂಡ. ನನ್ನ ನೋಡ್ದ. ಪಕ್ಕದಲ್ಲೇ ಗೆರೆ ಎಳೆಯೋ ಸುಣ್ಣದ ಬಕೆಟ್ ಇತ್ತು. ಅದ್ರಲ್ಲಿ ಬೆರಳದ್ದಿ, ಸೊನ್ನೆಯ ಎಡಕ್ಕೆ ಉದ್ದಕ್ಕೆ ಒಂದು ಗೆರೆ ಎಳೆದ.

"ಹತ್ತು, ಸಾರ್."

ರಾಯರು ಅಪ್ಪನ್ನ ನೋಡಿದ್ರು, ಮಗನ್ನ ನೋಡಿದ್ರು. "ಹತ್ತು ಬಿಟ್ಟೋನ್ನ ಕರ್ಕೊಂಡು ಹೋದ್ರೆ ನಾನು ಅಲ್ಲಿ ಏನು ಹೇಳ್ಲಯ್ಯ?" ಅಂತ ಛತ್ರಿ ಬಿಚ್ಕೊಂಡು ಹೊರಟ್ರು.

"ಅದೊಂದು ಗೆರೆ ಎಳೀದೇ ಇದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?" ಅಂದ ಚೌಡಪ್ಪ.

"ಒಂಬತ್ತಕ್ಕೂ ನೀನು ನನ್ನ ಮುಖ ನೋಡ್ದೆ ಕಣಪ್ಪ. ಅದೇ ಧೈರ್ಯದ ಮೇಲೆ ನಿಂತಿದ್ದೆ. ಹತ್ತನೇದಕ್ಕೆ ನೀನು ಗೇಟಿನ ಕಡೆ ನೋಡ್ದೆ."

ಅವರಿಬ್ಬರು ಆಡಿದ ಕೊನೇ ಮಾತು ಅದು. ಆ ವಾರವೇ ಹಾಲೇಶ ಹೊಸಪೇಟೆ ಕಡೆ ಗಣಿಗೆ ಹೋದ. ತಂಗಿ ರತ್ನಿಗೆ ಕಾಗದ ಬರೀತಿದ್ದ. ಅಪ್ಪನ ಹೆಸರು ಅದರಲ್ಲಿ ಬರ್ತಿರಲಿಲ್ಲ.

ಕಾಲೇಜಿಗೆ ಕಬ್ಬಿಣದ ಬೋರ್ಡು ಬಂತು, ತಂಡಕ್ಕೆ ಎರಡೆರಡು ಮೊಳೆ. ಅಲ್ಲಿಂದೀಚೆಗೆ ಯಾರೂ ಆರು ದಾಟಲಿಲ್ಲ ಅನ್ನಿ. ಚೌಡಪ್ಪ ನಿವೃತ್ತಿ ಆದ ದಿನ ನನ್ನ ಹೊತ್ಕೊಂಡು ಬಂದು ಬಚ್ಚಲಿಗೆ ಬಾಗಿಲು ಮಾಡ್ದ. ಮುಖ ಹೊರಗೆ, ಬೆನ್ನು ಒಳಗೆ. ಒಳಗಿನ ನೀರು ಮುಖಕ್ಕೆ ತಾಗಬಾರದು ನೋಡಿ.

ಹನ್ನೆರಡು ದಿನದ ಹಿಂದೆ ಚೌಡಪ್ಪ ತೀರ್ಕೊಂಡ. ತಿಥಿಗೆ ಹಾಲೇಶ ಬಂದಿದ್ದಾನೆ. ಅವನ ತಲೇನೂ ಬೆಳ್ಳಗಾಗಿದೆ. ಇದೇ ಈಗ ಸ್ನಾನಕ್ಕೆ ಅಂತ ಬಂದೋನು ನನ್ನ ಮುಂದೆ ನಿಂತ್ಕೊಂಡಿದ್ದಾನೆ. ಆ ಬಿಳೀ ಗೆರೆ ನೋಡ್ತಿದ್ದಾನೆ.

"ಇನ್ನೂ ಇಟ್ಕೊಂಡಿದ್ನಲ್ಲೇ ಇದನ್ನ," ಅಂದ ರತ್ನಿಗೆ. "ಸಾಯೋ ತನಕ ಹಗೆ ಸಾಧಿಸ್ದ."

"ನನಗೇನು ಗೊತ್ತಣ್ಣ, ಮುಟ್ಟಕ್ಕೂ ಬಿಡ್ತಿರಲಿಲ್ಲ," ಅಂತ ರತ್ನಿ ಒಳಗೆ ಹೋದ್ಲು.

ಲೇ ಹಾಲೇಶ, ಇಲ್ಲಿ ಕೇಳು. ನೀನು ಎಳೆದ ಗೆರೆ ಆ ವರ್ಷದ ಮೊದಲನೇ ಮಳೆಗೇ ತೊಳೆದು ಹೋಯ್ತು ಕಣೋ. ಸುಣ್ಣ ನಲವತ್ತು ವರ್ಷ ನಿಲ್ಲುತ್ತಾ, ನೀನೇ ಹೇಳು. ಪ್ರತಿ ದೀಪಾವಳಿಗೆ ಮನೆಗೆಲ್ಲಾ ಸುಣ್ಣ ಬಳಿದು, ರತ್ನಿ ಒಳಗೆ ಹೋಗೋ ತನಕ ಕಾದು, ನಿಮ್ಮಪ್ಪ ಡಬ್ಬದ ತಳದಲ್ಲಿ ಉಳಿದಿದ್ದಕ್ಕೆ ಬೆರಳದ್ದಿ ಇಲ್ಲಿಗೆ ಬರ್ತಿದ್ದ. ಹೋದ ವರ್ಷ ಕೈ ನಡುಗಿ ಎರಡು ಸಲ ಎಳೆದ, ನೋಡು, ಅದಕ್ಕೇ ಮೇಲೆ ಸೊಟ್ಟ ಆಗಿದೆ. ಎಳೆದ ಮೇಲೆ ಸುಮ್ಮನೆ ಹೋಗ್ತಿರಲಿಲ್ಲ ಅವನು. ಏಯ್, ಟವೆಲ್ ಹೆಗಲಿಗೆ ಹಾಕ್ಕೊಂಡು ಎಲ್ಲಿಗೆ ಹೊರಟೆ, ನಿಲ್ಲೋ, ಇದೊಂದು ಕೇಳ್ಕೊಂಡು ಹೋಗು, ಆ ಗೆರೆ ಮೇಲೆ ಕೈಯಿಟ್ಟು ಅವನು ನಿನಗೆ...