ಕುಕ್ಕರ್ ಕೂಗದ ಮನೆ

ಬಿಣಗಾದ ಆ ಮನೆಗೆ ಸೊಸೆಯಾಗಿ ಬಂದ ದಿನವೇ ವಿಜೇತಾಳ ಕಪಾಟು ಬಾಗಿಲಲ್ಲಿ ಸಿಕ್ಕಿಬಿತ್ತು. ಬೆಳಂಬಾರದ ತವರಿನವರು ಪ್ರೀತಿಯಿಂದ ಮಾಡಿಸಿಕೊಟ್ಟ ಸಾಗವಾನಿ ಕಪಾಟು. ಅಡ್ಡ ಮಾಡಿದರು, ಓರೆ ಮಾಡಿದರು, ಬಾಗಿಲು ಕಳಚಿ ನೋಡಿದರು. ನಾಲ್ಕು ಜನ ಬೆವರು ಸುರಿಸಿದ್ದೇ ಬಂತು. ಕೊನೆಗೆ ಅದು ಪಕ್ಕದ ಮನೆಯ ಸೋಮಿಯ ಜಗಲಿಯಲ್ಲಿ ಬಿಡಾರ ಹೂಡಿತು. ಅಂದಿನಿಂದ ಒಳ್ಳೆಯ ಸೀರೆ ಬೇಕೆಂದರೆ ವಿಜೇತಾ ಸೋಮಿಯ ಮನೆಗೆ ಹೋಗಬೇಕು. ಸೋಮಿ ಒಳ್ಳೆಯವಳೇ, ಆದರೆ ಆ ಸೀರೆ ಉಟ್ಟು ಎಲ್ಲಿಗೆ ಹೊರಟದ್ದು ಎಂದು ಕೇಳದೆ ಬಿಡುವವಳಲ್ಲ.

ಮನೆಯೆಂದರೆ ಎಷ್ಟು? ಹೆದ್ದಾರಿಯಿಂದ ಇಳಿದ ಓಣಿಯಲ್ಲಿ ಐದನೆಯದು. ಹೊರಗಿನ ಕೋಣೆ, ಒಳಗಿನ ಕೋಣೆ, ಹಿಂದೆ ಮಾಡು ಇಳಿಸಿ ಕಟ್ಟಿದ ಅಡುಗೆಮನೆ, ಅದರಾಚೆ ಬಚ್ಚಲು. ಒಳಗಿನ ಕೋಣೆ ಹೊಸ ಜೋಡಿಗೆ, ಹೊರಗಿನದು ಅತ್ತೆ ದಮಯಂತಿಗೂ ಮಾವ ದೇವಿದಾಸನಿಗೂ. ನಡುವೆ ಬಾಗಿಲಿಲ್ಲ, ಒಂದು ಪರದೆ. ಬೆಳಂಬಾರದಲ್ಲಿ ಅವಳ ತವರಿನ ಅಂಗಳದಲ್ಲೇ ಇಂಥ ಎರಡು ಮನೆ ಹಿಡಿಸುತ್ತಿದ್ದವು. ಅಲ್ಲಿ ಮಾತೆಂದರೆ ಅಂಗಳದಿಂದ ಗದ್ದೆಗೆ, ಗದ್ದೆಯಿಂದ ಬಾವಿಕಟ್ಟೆಗೆ ಕೂಗಿ ಹೇಳುವ ಮಾತು. ಮೆಲ್ಲಗೆ ಮಾತಾಡಿದರೆ ಜ್ವರ ಬಂದಿದೆಯೇನೋ ಎಂದು ಅಜ್ಜಿ ಹಣೆ ಮುಟ್ಟಿ ನೋಡುತ್ತಿದ್ದಳು.

ಹಾಗಂತ ವಿಜೇತಾ ಕಣ್ಣಿದ್ದೂ ಕಾಣದವಳಲ್ಲ. ಚಿಕ್ಕ ಮನೆಯ ಸುಖ ಅವಳಿಗೂ ತಿಳಿಯಿತು. ಹತ್ತು ನಿಮಿಷದಲ್ಲಿ ಕಸ ಹೊಡೆದು ಮುಗಿಯುತ್ತದೆ. ಕೂತಲ್ಲಿಂದಲೇ ಉಪ್ಪಿನ ಭರಣಿಗೆ ಕೈ ಎಟುಕುತ್ತದೆ. ಸಂಜೆ ಸಮುದ್ರದ ಕಡೆಯ ಗಾಳಿ ಮುಂಬಾಗಿಲಿಂದ ಹೊಕ್ಕರೆ ಹಿಂಬಾಗಿಲಿಂದಲೇ ಹೊರಬೀಳುವುದು. ಮದುವೆಯಾದ ಎರಡನೇ ತಿಂಗಳು ಅವಳಿಗೆ ಜ್ವರ ಬಂದಾಗ, ನೀರು ಬೇಕೆಂದು ಬಾಯಿ ತೆರೆಯುವ ಮೊದಲೇ ಅತ್ತೆಯ ಕೈಯಲ್ಲಿ ಲೋಟ ಇತ್ತು. ತವರಿನ ದೊಡ್ಡ ಮನೆಯಲ್ಲಿ ಮಹಡಿ ಮೇಲೆ ಮಲಗಿ ನರಳಿದರೆ ಕೆಳಗಿನವರಿಗೆ ಸುದ್ದಿ ಮುಟ್ಟಲು ಅರ್ಧ ದಿನ ಬೇಕಾಗುತ್ತಿತ್ತು.

ಅವಳಿಗೆ ಸಹಿಸಲು ಆಗದೇ ಹೋದದ್ದು ಆ ಮನೆಯ ಪಿಸುಮಾತು.

ಎಲ್ಲರೂ ಪಿಸುಗುಟ್ಟುವವರೇ. ದಮಯಂತಿ ಕುಕ್ಕರಿನ ಪಕ್ಕ ಸೌಟು ಹಿಡಿದು ಕಾಯುತ್ತಾಳೆ, ಅದು ಬುಸ್ ಎನ್ನುವ ಮೊದಲೇ ಆವಿ ಬಿಟ್ಟು ಬಾಯಿ ಮುಚ್ಚಿಸುತ್ತಾಳೆ. ಮಿಕ್ಸಿಗೆ ಹಳೇ ಕಂಬಳಿ ಸುತ್ತಿ, ಹೆದ್ದಾರಿಯಲ್ಲಿ ದೊಡ್ಡ ಲಾರಿ ಹೋಗುವಾಗ ನೋಡಿ ಗುಂಡಿ ಒತ್ತುತ್ತಾಳೆ. ಲಾರಿ ಬಾರದಿದ್ದರೆ ಆ ದಿನ ಚಟ್ನಿ ತರಿತರಿಯೇ. ಊಟಕ್ಕೆ ಕೂತರೆ ಬೆರಳು ಮಡಿಸಿ ಅನ್ನ ಕೇಳುವುದು, ತಟ್ಟೆಯ ಅಂಚು ಮುಟ್ಟಿ ಸಾಕು ಎನ್ನುವುದು. ನಾದಿನಿ ಪ್ರೇಕ್ಷಾ ಗೋವೆಗೆ ಮದುವೆಯಾಗಿ ಹೋದ ಹೊಸತರಲ್ಲಿ, ಹುಡುಗಿಯ ಗಂಟಲಿಗೆ ಏನಾದರೂ ತೊಂದರೆ ಇದೆಯೇ ಎಂದು ಅಲ್ಲಿಯವರು ಕೇಳಿದ್ದರಂತೆ.

ಹೊಸ ಸೊಸೆ ಇರುವ ಮನೆಯಲ್ಲಿ ಹಗಲಿಡೀ ಪಿಸಪಿಸ, ಕೈಸನ್ನೆ. ಯಾರಾದರೂ ಏನೆಂದುಕೊಳ್ಳಬೇಕು?

ಒಂದು ದಿನ ಊಟದ ಹೊತ್ತಿಗೆ ವಿಜೇತಾ ತನ್ನ ಚಿಕ್ಕಪ್ಪನ ಕಥೆ ಹೇಳುತ್ತಿದ್ದಳು. ಕಳೆದುಹೋದ ಎಮ್ಮೆ ಹುಡುಕಲು ಹೋದ ಪುಣ್ಯಾತ್ಮ, ಬೇರೆ ಯಾರದೋ ಎಮ್ಮೆ ಹೊಡೆದುಕೊಂಡು ಬಂದಿದ್ದ. ಹೇಳುತ್ತ ಹೇಳುತ್ತ ಅವಳ ದನಿ ಏರಿತು, ನಗುವೂ ಏರಿತು. ಎದುರಿಗೆ ಕೂತ ಮಾವ ಅವಳನ್ನೇ ನೋಡುತ್ತ ತುತ್ತು ಮರೆತಿದ್ದ. ಅಷ್ಟರಲ್ಲಿ ದಮಯಂತಿ ಮಗನ ಕಡೆ ತಿರುಗಿ ಅಂಗೈಯನ್ನು ನೆಲದತ್ತ ಎರಡು ಸಲ ಒತ್ತಿ ತೋರಿಸಿದಳು. ನಿತೇಶ ಹೆಂಡತಿಯ ಮೊಣಕೈ ಮುಟ್ಟಿದ. ಕಥೆ ಅಲ್ಲಿಗೇ ನಿಂತಿತು. ಎಮ್ಮೆ ಯಾರದೆಂದು ಯಾರೂ ಕೇಳಲಿಲ್ಲ.

ದೊಡ್ಡ ಮನೆಯಲ್ಲಿ ಅಳಲು ಹತ್ತು ಮೂಲೆ ಸಿಗುತ್ತವೆ. ಇಲ್ಲಿ ಇದ್ದದ್ದು ಬಚ್ಚಲು ಒಂದೇ. ನಲ್ಲಿ ಬಿಟ್ಟು, ಬಕೆಟ್ ತುಂಬಿ ಚೆಲ್ಲುವವರೆಗೂ ಅತ್ತು ಮುಖ ತೊಳೆದು ಬಂದಳು.

ಮರುದಿನ ಸಂಜೆ ಸಮುದ್ರದ ದಂಡೆಗೆ ಹೋದಾಗ ಗಂಡನನ್ನು ಹಿಡಿದು ಕೇಳಿದಳು. “ನನ್ನ ವಿಷಯ ನೀವೆಲ್ಲ ಎಂತ ಪಿಸಪಿಸ ಮಾಡೂದು?”

“ಯಾರು ಪಿಸಪಿಸ ಮಾಡಿದ್ದು?” ಎಂದ ನಿತೇಶ, ಪಿಸುದನಿಯಲ್ಲೇ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

“ಈಗ ನೀವು ಮಾತಾಡಿದ್ದೇ ಪಿಸಪಿಸ! ಇಲ್ಲಿ ಯಾರಿದಾರೆ, ಏಡಿ ಬಿಟ್ರೆ?”

ಆಗ ನಿತೇಶ ಹೇಳಿದ. ಅಪ್ಪ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಪಾಳಿಯ ಮೇಲೆ ದುಡಿದವರು. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದರು. ಇದ್ದದ್ದೇ ಎರಡು ಕೋಣೆ. ತಾನೂ ಪ್ರೇಕ್ಷಾಳೂ ಹೀಗೇ ಬೆಳೆದದ್ದು.

“ಮಾವ ರಿಟೈರ್ ಆಗಿ ಮೂರು ವರ್ಷ ಆಯ್ತಲ್ಲ. ಈಗ ಯಾರು ಮಲ್ಗಿದಾರೆ?”

ನಿತೇಶ ಚಪ್ಪಲಿಯ ಮರಳು ಕೊಡವಿ ಮನೆಯ ಕಡೆ ಹೆಜ್ಜೆ ಹಾಕಿದ. ಅಭ್ಯಾಸಕ್ಕೆ ಉತ್ತರ ಎಲ್ಲಿಂದ ತರುವುದು? ಆದರೆ ವಿಜೇತಾ ಅದಕ್ಕೆ ತನ್ನದೇ ಅರ್ಥ ಹಚ್ಚಿಕೊಂಡಳು. ತಾನು ಈ ಮನೆಯವರಿಗೆ ಬೇಡವಾಗಿದ್ದೇನೆ, ಬಾಯಿಬಿಟ್ಟು ಹೇಳಲಾರದೆ ಸನ್ನೆ ಮಾಡುತ್ತಿದ್ದಾರೆ ಎಂದು ತೀರ್ಮಾನಿಸಿದಳು. ಬೇರೆ ಮನೆ ಮಾಡೋಣ ಎಂದು ಹಟ ಹಿಡಿದಳು. ನಿತೇಶ ನೌಕಾನೆಲೆಯ ಗುತ್ತಿಗೆದಾರರೊಬ್ಬರ ಹತ್ತಿರ ಎಲೆಕ್ಟ್ರಿಷಿಯನ್. ಅಲ್ಲಿ ಇಲ್ಲಿ ವಿಚಾರಿಸಿ, ಕಾರವಾರದ ಕೋಡಿಬಾಗದಲ್ಲಿ ಮಹಡಿ ಮೇಲಿನ ಒಂದು ಮನೆ ನೋಡಿ ಬಂದ. ಎರಡು ಮಲಗುವ ಕೋಣೆ, ಅಗಲದ ಬಾಗಿಲು. ಸೋಮವಾರ ಮಾತು ಪಕ್ಕಾ ಮಾಡುವುದೆಂದಾಯಿತು.

ಶನಿವಾರ ಅತ್ತೆಗೆ ಹೇಳಿದಾಗ ವಿಜೇತಾ ಜಗಳಕ್ಕೆ ಸಿದ್ಧವಾಗಿಯೇ ನಿಂತಿದ್ದಳು. ದಮಯಂತಿ ಜಗಳ ಆಡಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, “ಹೋಗಿ. ಚಿಕ್ಕ ಮನೆ ಇದು, ನಿಮ್ಗೂ ಜಾಗ ಬೇಕಲ್ಲ” ಎಂದು ಮೆಲ್ಲಗೆ ಅಂದಳು. ಭಾನುವಾರ ಬೆಳಿಗ್ಗೆ ಎದ್ದವಳೇ ಮಗನ ಸ್ಕೂಟರ್ ಹತ್ತಿ, ಹೊಸ ಸಂಸಾರಕ್ಕೆ ಪಾತ್ರೆ ತರುತ್ತೇನೆಂದು ಕಾರವಾರದ ಸಂತೆಗೆ ಹೊರಟಳು. ಬೈದಿದ್ದರೆ ವಿಜೇತಾಳಿಗೆ ಹಗುರವಾಗುತ್ತಿತ್ತು. ಪಾತ್ರೆ ತರಲು ಹೋದವಳ ಮೇಲೆ ಸಿಟ್ಟು ಹೇಗೆ ಇಟ್ಟುಕೊಳ್ಳುವುದು?

ಮನೆಯಲ್ಲಿ ಉಳಿದವರು ಅವಳು, ಮಾವ. ಅವಳು ಬೇಳೆ ಬೇಯಲಿಟ್ಟು ಹಿಂದಿನ ಒಗೆಯುವ ಕಲ್ಲಿಗೆ ಹೋದಳು. ಬೆಡ್‌ಶೀಟು ಕುಕ್ಕುವ ಭರದಲ್ಲಿ ಕುಕ್ಕರಿನ ನೆನಪು ಹಾರಿಹೋಯಿತು. ಅದು ಒಂದು ಸಲ ಕೂಗಿತು. ಕೈತುಂಬ ಸೋಪಿನ ನೊರೆ. ತೊಳೆದುಕೊಂಡು, ಜಾರುವ ಕಲ್ಲಿನ ಮೇಲೆ ಓಡಿ ಬರುವಷ್ಟರಲ್ಲಿ ಎರಡು, ಮೂರು, ನಾಲ್ಕು. ಆ ಮನೆಯಲ್ಲಿ ಅಂಥ ಸದ್ದು ಎಂದಾದರೂ ಆಗಿತ್ತೋ ಇಲ್ಲವೋ.

ಒಲೆ ಆರಿಸಿ, ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು ಹೊರಗಿನ ಕೋಣೆಗೆ ಬಂದಳು. ದೇವಿದಾಸ ಅಡುಗೆಮನೆಯ ಕಡೆ ಬೆನ್ನು ಹಾಕಿ ಪೇಪರ್ ಓದುತ್ತಿದ್ದ. ಒಲೆಗೂ ಅವನಿಗೂ ಆರು ಮಾರು ದೂರವೂ ಇರಲಿಲ್ಲ. ತಲೆ ಎತ್ತಲೂ ಇಲ್ಲ.

“ಮಾವ,” ಎಂದಳು ಮೆಲ್ಲಗೆ. ಪುಟ ತಿರುಗಿತು. “ಮಾವ!” ಎಂದಳು ಮತ್ತೊಮ್ಮೆ. ಇಲ್ಲ. ಆಮೇಲೆ ಬೆಳಂಬಾರದ ದನಿ ತೆಗೆದಳು. “ಮಾವಾ!”

ದೇವಿದಾಸ ತಿರುಗಿ ಮುಖ ಅರಳಿಸಿದ. “ಎಂತಾ ಮಗಾ?”

“ಕುಕ್ಕರ್ ನಾಕು ಸಲ ಕೂಗ್ತು. ನಿಮ್ಗೆ ಕೇಳ್ಲಿಲ್ಲಾ?”

ಅವನ ನಗು ಇಳಿಯಿತು. ಪೇಪರನ್ನು ಎರಡಾಗಿ, ನಾಲ್ಕಾಗಿ ಮಡಿಸುತ್ತ ಕೂತ. “ಮೂರ್ನಾಕು ವರ್ಷ ಆಯ್ತು. ನಮ್ಮ ಅಪ್ಪಂಗೂ ಹೀಗೇ ಕಿವಿ ಹೋಗಿತ್ತು.”

“ಅತ್ತೆಗೆ ಹೇಳ್ಲಿಲ್ಲಾ?” ಅವಳು ಅವನೆದುರು ನೆಲದ ಮೇಲೆ ಕೂತು, ಗಟ್ಟಿಯಾಗಿ ಕೇಳಿದಳು.

“ಹೇಗೆ ಹೇಳೂದು? ನಾ ಹಗಲು ಮಲಗಿದ್ರೆ ಈ ಮಕ್ಳು ಬಿದ್ದು ಮೊಣಕಾಲು ಒಡ್ಕಂಡ್ರೂ ಬಾಯಿಗೆ ಕೈ ಇಟ್ಕಂಡು ಅಳ್ತಿದ್ವು. ಒಂದು ಸಲ ಎಚ್ಚರ ಆಗಿ ಕಣ್ಣಾರೆ ನೋಡಿದ್ದೆ. ನಿಮ್ಮತ್ತೆ ಚಂದ ಹಾಡ್ತಿದ್ಲು, ಅದನ್ನೂ ಬಿಟ್ಲು. ಇಷ್ಟು ವರ್ಷ ನನ್ನ ನಿದ್ದೆಗೆ ಅಂತ ದನಿ ಕಟ್ಟಿ ಇಟ್ಟವ್ರಿಗೆ, ಈಗ ಜೋರಾಗಿ ಮಾತಾಡಿ ಅಂತ ಯಾವ ಬಾಯಲ್ಲಿ ಹೇಳೂದು?”

ವಿಜೇತಾ ಅವನ ಕೈಯಲ್ಲಿದ್ದ ಪೇಪರನ್ನು ತೆಗೆದು ಪಕ್ಕಕ್ಕಿಟ್ಟಳು.

“ನೀ ಬಂದ್ಮೇಲೆ ನಂಗೆ ಈ ಮನೇಲಿ ಮಾತು ಕೇಳೂಕೆ ಶುರುವಾಯ್ತು,” ಎಂದ ದೇವಿದಾಸ. “ಆ ದಿನ ಎಮ್ಮೆ ಕಥೆ ಹೇಳ್ತಾ ಅರ್ಧಕ್ಕೇ ನಿಲ್ಸಿದ್ಯಲ್ಲ. ಯಾಕೆ ಅಂತ ನಂಗೆ ಗೊತ್ತಾಗ್ಲೇ ಇಲ್ಲ. ಈಗ ಬೇರೆ ಮನೆಗೆ ಹೊರಟ್ರಿ. ಹೋಗಿ, ಬೇಡ ಅನ್ನೂದಿಲ್ಲ. ಆದ್ರೆ ಕಿವಿ ವಿಷಯ ಅತ್ತೆಗೆ ಹೇಳ್ಬೇಡ ಮಾರಾಯ್ತಿ. ಅವ್ಳು ನೊಂದ್ಕಂತಾಳೆ.”

ಆರು ತಿಂಗಳಿಂದ ತಾನು ಹೊತ್ತು ತಿರುಗಿದ ಅನುಮಾನಕ್ಕೆ ವಿಜೇತಾಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಈ ಎರಡು ಕೋಣೆಗಳ ಮೇಲೆ ಹೇಳತೀರದ ಅಕ್ಕರೆ ಉಕ್ಕಿ ಬಂತು. ಒಬ್ಬನ ನಿದ್ದೆಯನ್ನು ಮೂವತ್ತು ವರ್ಷ ಕಾಯ್ದ ಮನೆ ಇದು. ಇಂಥ ಮನೆಗೆ ತನ್ನನ್ನು ಕೊಟ್ಟದ್ದಕ್ಕೆ ತವರಿನವರ ಋಣ ಹೇಗೆ ತೀರಿಸಲಿ ಎನಿಸಿತು.

“ಮಾವ,” ಎಂದಳು, “ನಿಮ್ಗೆ ಕಿವಿ ಕೇಳೂದಿಲ್ಲ ಅಂತ ನಾ ಯಾರಿಗೂ ಹೇಳೂದಿಲ್ಲ! ಆದ್ರೆ ನಿಮ್ಗೆ ಕೇಳೋ ಹಾಗೆ ಮಾತಾಡಿದ್ರೆ ಅದು ಓಣಿಗೆಲ್ಲ ಕೇಳ್ತದೆ!”

ಕೇಳಿಯೂ ಆಗಿತ್ತು. ಬಾಗಿಲಲ್ಲಿ ದಮಯಂತಿ ನಿಂತಿದ್ದಳು. ಕಂಕುಳಲ್ಲಿ ಹೊಸ ಪಾತ್ರೆ, ಹಿಂದೆ ಸ್ಕೂಟರಿನ ಕೀಲಿ ಹಿಡಿದ ನಿತೇಶ. ಚಿಕ್ಕ ಮನೆಯಲ್ಲಿ ಗುಟ್ಟು ಅವಿತುಕೊಳ್ಳಲು ಜಾಗ ಎಲ್ಲಿ?

ದಮಯಂತಿ ಪಾತ್ರೆಗಳನ್ನು ಸದ್ದಾಗದಂತೆ ಕೆಳಗಿಟ್ಟಳು. ಗಂಡನೆದುರು ಬಂದು ಕೂತಳು. “ಇಷ್ಟು ದಿನ ನಾ ಗೋಡೆ ಹತ್ರ ಮಾತಾಡಿದ್ದಾ ಹಾಗಾದ್ರೆ?” ಎಂದು ಪಿಸುಗುಟ್ಟಿದಳು.

ದೇವಿದಾಸ ಅವಳ ತುಟಿಯನ್ನೇ ನೋಡಿ ತಿಳಿದುಕೊಂಡ. “ಗೋಡೆ ಅಲ್ವೇ. ನಿನ್ನ ಮುಖ ನೋಡ್ಕಂಡೇ ಇದ್ದೆ.”

ಅವಳು ಸೆರಗಿನಲ್ಲಿ ಕಣ್ಣು ಒತ್ತಿಕೊಂಡು ಎದ್ದು ಒಳಗೆ ಹೋದಳು. ನಿತೇಶ, ನಾಳೆಯೇ ಅಪ್ಪನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದ.

“ಕೋಡಿಬಾಗದವ್ರಿಗೂ ಫೋನ್ ಮಾಡಿ, ಮನೆ ಬೇಡ ಅನ್ನಿ,” ಎಂದಳು ವಿಜೇತಾ.

“ಇಲ್ಲಿ ಜಾಗ ಇಲ್ಲ ಅಂತಿದ್ಯಲ್ಲ?”

“ಜಾಗ ಇಲ್ಲ. ನಾಳೆನೂ ಇರೂದಿಲ್ಲ. ಹಿಂದೆ ಇನ್ನೊಂದು ಕೋಣೆ ಕಟ್ಟೂಕೆ ಆಗ್ತದೋ ನೋಡಿ. ಆಗದಿದ್ರೆ ಹೀಗೇ ಇರ್ವಾ.”

ದೇವಿದಾಸನಿಗೆ ಇದೊಂದೂ ಕೇಳಲಿಲ್ಲ. ಅವನು ಎದ್ದು ಹೋಗಿ ಓಣಿಯ ಕಡೆ ಮುಖ ಮಾಡಿ ಗೇಟಿನ ಹತ್ತಿರ ನಿಂತಿದ್ದ. ಹೆಂಡತಿಯನ್ನು ನೋಯಿಸಿದೆನಲ್ಲ ಎಂಬ ಸಂಕಟ ಅವನ ಭುಜಗಳಲ್ಲಿ ಕಾಣುತ್ತಿತ್ತು. ಒಳಗೆ ದಮಯಂತಿ ಬೇಳೆಗೆ ಒಗ್ಗರಣೆ ಕೊಟ್ಟು ತಟ್ಟೆ ಇಟ್ಟಳು. ಬಡಿಸಿ ಆದಮೇಲೆ, ದಿನವೂ ಮಾಡುವಂತೆ ಗಂಡನ ಭುಜ ಮುಟ್ಟಿ ಕರೆಯಲು ಹೊರಟವಳು ಹೊಸ್ತಿಲಲ್ಲಿ ತಡೆದು ನಿಂತಳು. ಬಾಯಿ ತೆರೆದಳು. ಗಾಳಿ ಮಾತ್ರ ಹೊರಟಿತು. ಇನ್ನೊಮ್ಮೆ ಉಸಿರೆಳೆದಳು.

“ಇವ್ರೇ! ಊಟಕ್ಕೆ ಬನ್ನಿ!”

ಒಡಕು ದನಿ. ಮೊದಲು ಕೀರಲಾಗಿ, ಆಮೇಲೆ ಎಲ್ಲಿಂದಲೋ ಬಲ ಬಂದು ಓಣಿಯ ತುದಿಯವರೆಗೂ ಹೋಯಿತು. ಪಕ್ಕದ ಮನೆಯ ಸೋಮಿ ಕೈಯಲ್ಲಿದ್ದ ಮೀನು ಹಾಗೇ ಬಿಟ್ಟು ಓಡಿ ಬಂದಳು.

“ಎಂತ ಆಯ್ತು ದಮಯಂತಕ್ಕಾ? ಯಾರಿಗೆ ಎಂತ ಆಯ್ತು?”

“ಎಂತ ಇಲ್ವೇ,” ಎಂದಳು ದಮಯಂತಿ, ಕಣ್ಣು ತುಂಬಿಕೊಂಡು, ಅಷ್ಟೇ ಗಟ್ಟಿಯಾಗಿ. “ಇವ್ರನ್ನ ಊಟಕ್ಕೆ ಕರ್ದೆ.”

ಅಷ್ಟರಲ್ಲಿ ದೇವಿದಾಸ ಕೈಕಾಲು ತೊಳೆದು ಬಂದು ತಟ್ಟೆಯ ಮುಂದೆ ಕೂತಾಗಿತ್ತು.