ಬಾಟಲಿಯ ತಳದ ತುಕ್ಕು

ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಸವೆಸಿದ ತಂಗಿಗೆ ಅಕ್ಕ ಇಟ್ಟ ಹೆಸರು ಚೊಕ್ಕಮ್ಮ. ತೊಳೆದ ಲೋಟವನ್ನೇ ಮತ್ತೆ ಮೂರು ಸಲ ತೊಳೆಯದೆ ಬಾಯಿಗಿಡದ ಹೆಣ್ಣು ಅವಳು. ಆ ಚೊಕ್ಕತನವೇ ಕೈಕೊಟ್ಟಿತು ನೋಡಿ.

ಆರು ವರ್ಷದ ಹಿಂದೆ ಅಕ್ಕ ಹೊಸ ಕೊಳವೆಬಾವಿಯ ನೀರನ್ನು ಒಂದು ಬಾಟಲಿಯಲ್ಲಿ ಕಳಿಸಿದ್ದಳು. ಮೇಲೊಂದು ಚೀಟಿ: 'ಚೊಕ್ಕಮ್ಮನವರ ಅವಗಾಹನೆಗೆ.' ನೀರಲ್ಲಿರುವುದು ತಳಕ್ಕಿಳಿಯದಂತೆ, ಬಾಟಲಿ ಕೈಗೆ ಬಂದ ಕೂಡಲೇ ನಾಲ್ಕು ಹನಿ ಆಸಿಡ್ ಬಿಡಬೇಕು, ಅದು ನಿಯಮ. ಮನೆಯವರ ನೀರು ತಾನೆ ಎಂದು ತಂಗಿ ಆ ಗೋಜಿಗೆ ಹೋಗಲಿಲ್ಲ. ಎರಡು ದಿನದಲ್ಲಿ ನೀರಿನ ಕಬ್ಬಿಣವೆಲ್ಲ ಗಾಳಿ ತಾಕಿ ತುಕ್ಕಾಗಿ ತಳಕ್ಕಿಳಿಯಿತು. ಯಂತ್ರದ ಸಣ್ಣ ನಳಿಗೆ ಕಟ್ಟಿಕೊಂಡೀತೆಂದು ಅವಳು ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ ನೋಡಿದಳು. ಆರ್ಸೆನಿಕ್ ಎಂಬ ವಿಷ ಇಲ್ಲವೇ ಇಲ್ಲ. "ಕಣ್ಣು ಮುಚ್ಕೊಂಡು ಕುಡಿಯಕ್ಕಾ," ಎಂದು ಫೋನು ಮಾಡಿದಳು.

ಈಗ ಅಕ್ಕನ ಅಂಗೈ ತುಂಬ ಗಂಟು. ಅದರಲ್ಲೊಂದು ಹುಣ್ಣಾಗಿ, ಆ ಹುಣ್ಣು ಕ್ಯಾನ್ಸರ್ ಎಂದಾಯಿತು. ಯಾವ ನೀರು ಕುಡಿಯುತ್ತೀರಿ ಎಂದು ಡಾಕ್ಟರು ಕೇಳಿದ್ದಕ್ಕೆ, "ನನ್ನ ತಂಗಿ ಪಾಸು ಮಾಡಿದ ನೀರು," ಎಂದಳಂತೆ, ಹೆಮ್ಮೆಯಿಂದ.

ಅದನ್ನು ಕೇಳಿ ತಂಗಿ ಲ್ಯಾಬಿಗೆ ಓಡಿದಳು. ಅಕ್ಕನ ಚೀಟಿಯ ಆಸೆಗೆ, ಉಳಿದ ನೀರಿನ ಸಮೇತ ಎತ್ತಿಟ್ಟಿದ್ದ ಆ ಬಾಟಲಿ ಇನ್ನೂ ಕಪಾಟಿನಲ್ಲಿತ್ತು. ಆಸಿಡ್ ಬಿಟ್ಟಳು. ಮರುದಿನಕ್ಕೆ ಕೆಂಪೆಲ್ಲ ಕರಗಿ ನೀರು ತಿಳಿಯಾಗಿತ್ತು. ಯಂತ್ರ ತೋರಿಸಿದ್ದು ಮಿತಿಯ ಇಪ್ಪತ್ತು ಪಟ್ಟು. ಅಷ್ಟು ವಿಷವನ್ನೂ ತುಕ್ಕು ಮೈಗಂಟಿಸಿಕೊಂಡು ತಳದಲ್ಲಿ ಕೂತಿತ್ತು. ಅಕ್ಕ ಕುಡಿದದ್ದಾದರೋ ಬಾವಿಯಿಂದ ಆಗಷ್ಟೇ ಎತ್ತಿದ ನೀರು. ವಿಷ ಇನ್ನೂ ಅದರಲ್ಲೇ ಇತ್ತು.

ತಂಗಿ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕನ ಪಾಲಿಗೆ ಚೊಕ್ಕಮ್ಮನಾಗಿಯೇ ಉಳಿಯಬಹುದಿತ್ತು. ಅವಳಿಂದ ಅದಾಗಲಿಲ್ಲ. ಆಸ್ಪತ್ರೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತು ಒಂದೂ ಬಿಡದೆ ಹೇಳಿದಳು. "ತಪ್ಪು ನಂದು ಕಣಕ್ಕಾ. ತಳದಲ್ಲಿದ್ದಿದ್ದನ್ನ ನೋಡಲೇ ಇಲ್ಲ."

ಅಕ್ಕ ಕಟ್ಟು ಹಾಕಿದ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ನಂದಿರಲಿ ಬಿಡೇ," ಎಂದಳು. "ಪಕ್ಕದ ಮನೆಯವಳು ಇಟ್ರೆ ಕೆಂಪಾಗೋ ಈ ನೀರು ಮಕ್ಕಳಿಗೆ ಬೇಡ ಅಂದಿದ್ಲು. ನಿನ್ನ ಹೆಸರು ಹೇಳಿ ನಾನೇ ಒಪ್ಪಿಸಿದೆ. ಆರು ವರ್ಷದಿಂದ ಮೂರು ಮಕ್ಕಳೂ ಅದನ್ನೇ ಕುಡೀತಿವೆ."

ಅಕ್ಕ ಬಾಗಿಲತ್ತ ಕೈ ತೋರಿಸಿದಳು.

"ಹೋಗು, ನೀನೇ ಹೇಳು. ನನ್ನ ಕೈಲಿ ಆಗಲ್ಲ."

ತಂಗಿ ಎದ್ದಳು. ದಿಂಬಿನ ಪಕ್ಕ ಮನೆಯಿಂದ ತಂದಿಟ್ಟಿದ್ದ ಅದೇ ಬಾವಿಯ ನೀರಿನ ಬಾಟಲಿ ಅರ್ಧ ಖಾಲಿಯಾಗಿತ್ತು. ಅದನ್ನೂ ಕೈಗೆತ್ತಿಕೊಂಡು ಹೊರಟಳು.