ತಾಯಿಗೆ ತಿಳಿಯದ ಬಣ್ಣ

"ಕೆಂಪು ಎರಡು ಲೀಟರ್, ಹಳದಿ ಎರಡು ಲೀಟರ್. ಕೂಡಿಸಿದ್ರೆ ಬಣ್ಣ ಎಲ್ಲಿಗೆ ಹೋಯ್ತಪ್ಪಾ?" ತಂಗಿ ಯಾರನ್ನೂ ನೋಡದೆ ಗಟ್ಟಿಯಾಗಿ ಕೇಳಿದಳು. ಅಣ್ಣನ ಬಣ್ಣದಂಗಡಿಗೆಂದು ಅವಳು ಬರೆದ ಪ್ರೋಗ್ರಾಂ 'ನಾಲ್ಕು ಲೀಟರ್' ಎಂದಷ್ಟೇ ಹೇಳಿ ಸುಮ್ಮನಾಗಿತ್ತು. ಅಂಗಡಿ ತೆರೆಯುವುದರೊಳಗೆ ಸರಿಹೋಗದಿದ್ದರೆ ಅಣ್ಣ ಮತ್ತೆ ಕಣ್ಣಂದಾಜಿಗೇ ಜೋತುಬೀಳುವವನು.

"ಏನೇ, ನಿನ್ನ ಕಂಪ್ಯೂಟರಿಗೆ ಲೀಟರ್ ಕಾಣುತ್ತೆ, ಬಣ್ಣ ಕಾಣಲ್ವಾ?" ಡಬ್ಬಿ ಕಲಕುತ್ತ ಅಣ್ಣ ನಕ್ಕ.

ಆಗ ಅವಳಿಗೆ ಹೊಳೆಯಿತು. ಪ್ರೋಗ್ರಾಮಿನಲ್ಲಿ 'ದ್ರವ' ಎಂಬ ತಾಯಿ ಕ್ಲಾಸಿಗೆ, ಅಂದರೆ ಉಳಿದವು ಹುಟ್ಟುವ ಮೂಲ ಅಚ್ಚಿಗೆ, ಗೊತ್ತಿದ್ದದ್ದು ಲೀಟರ್ ಕೂಡಿಸುವುದೊಂದೇ. ಅದರಿಂದ ಹುಟ್ಟಿದ 'ಬಣ್ಣ' ಎಂಬ ಮಗಳು ಆ ಪ್ಲಸ್ ಚಿಹ್ನೆಯನ್ನು ತವರಿನಿಂದ ಹಾಗೆಯೇ ಹೊತ್ತು ತಂದಿದ್ದಳು. ತಂಗಿ ಮಗಳಿಗೆ ಅವಳದೇ ಪ್ಲಸ್ ಬರೆದುಕೊಟ್ಟಳು: ಲೀಟರನ್ನು ತಾಯಿಯ ಕೈಯಲ್ಲೇ ಕೂಡಿಸು, ಬಣ್ಣವನ್ನು ನೀನು ಬೆರೆಸು. 'ಕಿತ್ತಳೆ, ನಾಲ್ಕು ಲೀಟರ್' ಎಂದಿತು ಪರದೆ.

ತಂಗಿ ಈ ತಾಯಿ-ಮಗಳ ಕತೆ ಹೇಳಿದಾಗ ಅಣ್ಣ ತಾನು ಕಲಕಿದ ಕಿತ್ತಳೆಯನ್ನು ಪರದೆಯ ಪಕ್ಕಕ್ಕೆ ಹಿಡಿದು ತಲೆದೂಗಿದ. "ಭೇಷ್! ಇದನ್ನ ಆ ತಾಯಿಗೇ ಕಲಿಸಿಬಿಡೇ, ಎಲ್ಲಾ ಒಂದೇ ಕಡೆ ಇರ್ಲಿ."

ತಂಗಿ ಕಪಾಟಿನಲ್ಲಿದ್ದ, ಬಣ್ಣ ತೆಳುಮಾಡುವ ಥಿನ್ನರ್ ಡಬ್ಬಿಗಳನ್ನು ತೋರಿಸಿದಳು. "ಅದೂ ಆ ತಾಯಿ ಮಗಳೇ ಕಣಣ್ಣಾ, ಬಣ್ಣವೇ ಇಲ್ಲದವಳು. ತಾಯಿಗೆ ಕಲಿಸಿದ್ರೆ ಇವಳೂ ಇಲ್ಲದ ಬಣ್ಣ ಬೆರೆಸೋಕೆ ಹೋಗಿ ಕೆಡ್ತಾಳೆ. ತಾಯಿ ತಂಟೆಗೆ ನಾನು ಹೋಗಲ್ಲ."